ಒಂಬತ್ತನೆಯ ಉತ್ತರ

ಬಾಣದಕ್ಕ ಮಕ್ಕಳ ನೋಟುಬುಕ್ಕಿಗೆ ಕೆಂಪು ಶಾಯಿ ಮುಟ್ಟಿಸಿದವಳಲ್ಲ. ತಪ್ಪು ಕಂಡ ಕಡೆ ಕಿರುಬೆರಳ ಉಗುರಿನಷ್ಟು ಅಗಲದ ಒಂದು ಬಾಣದ ಸ್ಟಿಕ್ಕರ್ ಅಂಟಿಸುತ್ತಿದ್ದಳು, ಅಷ್ಟೇ. ಏನು ತಪ್ಪು ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಾಣದ ಮೂತಿ ಇರುವಲ್ಲಿ ಮಗುವೇ ಹುಡುಕಿ, ತಿದ್ದಿ, ಸ್ಟಿಕ್ಕರನ್ನು ಹರಿಯದಂತೆ ಬಿಡಿಸಿ ತಂದು ಅವಳ ಎಡ ಅಂಗೈಗೆ ಅಂಟಿಸಬೇಕು. ಸಂಜೆ ಏಳಾಗುವ ಹೊತ್ತಿಗೆ ಅವಳ ಅಂಗೈ ತುಂಬ ಬಾಣ. ಅಪ್ಪ ಅಮ್ಮ ಇಟ್ಟ ಹೆಸರು ಸರ್ಕಾರಿ ಕಾಗದಗಳಲ್ಲಿ ಉಳಿಯಿತು. ಓಣಿಯ ಬಾಯಲ್ಲಿ ಬಾಣದಕ್ಕನೇ ನಿಂತಳು.

ಅಭ್ಯಾಸ ಬಂದದ್ದು ಬಟ್ಟೆ ಕಾರ್ಖಾನೆಯಿಂದ. ಅಲ್ಲಿ ಅವಳು ಹದಿನೆಂಟು ವರ್ಷ ಚೆಕ್ಕರ್ ಆಗಿದ್ದಳು. ಮೇಜಿಗೆ ಬಂದ ಶರಟನ್ನು ಕಾಲರಿನಿಂದ ಹಿಡಿದು ಅಂಚಿನವರೆಗೆ ಕಣ್ಣಲ್ಲೇ ಸವರಿ, ಹೊಲಿಗೆ ತಪ್ಪಿದ್ದರೆ ಅಲ್ಲೊಂದು ಬಾಣ ಅಂಟಿಸಿ ಹೊಲಿದವಳ ಕಡೆಗೆ ವಾಪಸ್ ತಳ್ಳುವುದು. ಪಕ್ಕದಲ್ಲಿ ಒಪ್ಪಿಗೆಯಾದ ಮಾದರಿ ಶರಟೊಂದು ಸದಾ ತೂಗುತ್ತಿರುತ್ತಿತ್ತು. ಅದನ್ನು ನೋಡು, ಇದನ್ನು ನೋಡು. ಎರಡಕ್ಕೂ ತಾಳೆಯಾದರೆ ಮುಂದಕ್ಕೆ. ಕಣ್ಣು ಮಂಜಾಗತೊಡಗಿದಾಗ ಕೆಲಸ ಬಿಟ್ಟಳು. ಡ್ರಾದಲ್ಲಿ ಉಳಿದಿದ್ದ ಸ್ಟಿಕ್ಕರ್ ಹಾಳೆಗಳನ್ನು ಸೂಪರ್‌ವೈಸರನ್ನು ಕೇಳಿಯೇ ಚೀಲಕ್ಕೆ ಹಾಕಿಕೊಂಡು ಬಂದಳು.

ಅವಳು ಓದಿದ್ದು ಹತ್ತನೆಯವರೆಗೆ ಮಾತ್ರ. ಹೋಮ್‌ವರ್ಕ್ ಹೇಳಿಕೊಡುವ ಧೈರ್ಯ ಎಲ್ಲಿಂದ ಬಂತು ಎಂದರೆ, ಮಕ್ಕಳ ಪುಸ್ತಕವನ್ನು ಮಕ್ಕಳಿಗಿಂತ ಒಂದು ದಿನ ಮುಂಚೆ ಓದುತ್ತಿದ್ದಳು, ಅದರಿಂದ ಬಂತು. ಮುಂದಿನ ಕೋಣೆಯಲ್ಲಿ ಎರಡು ಚಾಪೆ, ಒಂದು ಬೆಂಚು, ಮಂಚದ ಕೆಳಗೆ ಗಂಡನ ಬಣ್ಣದ ಡಬ್ಬಿಗಳು. ಗಂಡ ಬೋರ್ಡು ಬರೆಯುವವನು. ಕೋಣೆಯಲ್ಲಿ ಟರ್ಪೆಂಟೈನ್ ವಾಸನೆ ತಪ್ಪಿದ್ದಲ್ಲ. ಹದಿನಾಲ್ಕು ಮಕ್ಕಳು ಬರುತ್ತಿದ್ದರು. ಹೆಚ್ಚಿನವರ ತಾಯಂದಿರು ಅದೇ ಕಾರ್ಖಾನೆಯವರು. ಸಂಜೆ ಏಳಕ್ಕೆ ಕೆಲಸ ಬಿಟ್ಟು, ಚಪ್ಪಲಿಯೊಂದಿಗೆ ಬಟ್ಟೆಯ ಜುಂಗನ್ನೂ ಹೊಸಿಲಿಗೆ ತಂದು, ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು.

ಅವರಲ್ಲಿ ಒಬ್ಬಳ ಮಗಳಿಗೆ ಎಲ್ಲರೂ ಯಾಕಮ್ಮ ಅನ್ನುತ್ತಿದ್ದರು. ಒಂಬತ್ತನೇ ತರಗತಿ. ಯಾವ ಮಾತು ಹೇಳಿದರೂ "ಯಾಕೆ?" ಅನ್ನದೆ ಬಿಟ್ಟವಳಲ್ಲ. ತಾಯಿ ಕಾಲರ್ ಹೊಲಿಯುವವಳು. ಹಾಗಾಗಿ ಆಕೆ ಕಾಲರಮ್ಮ. ತಂದೆ ದೂರದ ಊರಲ್ಲಿ ಲಾರಿ ಓಡಿಸುತ್ತಾನೆ ಅನ್ನುವುದಷ್ಟೇ ಓಣಿಗೆ ಗೊತ್ತಿದ್ದ ಸುದ್ದಿ. ಅದಕ್ಕಿಂತ ಹೆಚ್ಚು ಕಾಲರಮ್ಮನಿಗೂ ಗೊತ್ತಿರಲಿಲ್ಲ.

ಒಂದು ಸೋಮವಾರ ಯಾಕಮ್ಮ ಎರಡು ನೋಟುಬುಕ್ಕು ಬೆಂಚಿನ ಮೇಲೆ ಧೊಪ್ಪೆಂದು ಹಾಕಿದಳು.

"ಅಕ್ಕಾ, ಶುಕ್ರವಾರದೊಳಗೆ ಎರಡೂ ಆಗ್ಬೇಕು. ಒಂದು ಸಾಹಿತ್ಯದ್ದು, ಒಂದು ಸಮಾಜದ್ದು. ಎರಡು ಮೇಡಮ್ಮುಗಳೂ ಮಾತಾಡ್ಕೊಂಡೇ ಕೊಟ್ಟಿರೋದು, ನನ್ನ ಸಾಯಿಸೋಕೆ."

"ಸಾಯೋದು ಶನಿವಾರ ಇಟ್ಕೋ. ಮೊದಲು ಏನು ಅಂತ ಹೇಳು."

"ಇದು ಗಾಥಿಕ್ ಸಾಹಿತ್ಯ. ಹಳೇ ದೊಡ್ಡ ಕಟ್ಟಡ ಇರಬೇಕಂತೆ. ಅದ್ರಲ್ಲಿ ಯಾರೂ ತೆಗೆಯದೇ ಇರೋ ಒಂದು ಬಾಗಿಲು. ಒಳಗಿರೋರಿಗೆ ಹೊರಗೆ ಹೋಗೋಕಾಗಲ್ಲ. ಆಮೇಲೆ, ಹಿಂದೆ ಯಾವತ್ತೋ ಆಗಿದ್ದು, ಎಲ್ಲರೂ ಸೇರಿ ಮುಚ್ಚಿಟ್ಟಿದ್ದು, ತಿರುಗಿ ಬಂದು ಕಾಡಬೇಕಂತೆ. ನಮಗೆ ಗೊತ್ತಿರೋ ಒಂದು ಕಟ್ಟಡದ ಬಗ್ಗೆ ಆ ತರ ಬರೀಬೇಕು."

"ದೆವ್ವ?"

"ದೆವ್ವ ಕಡ್ಡಾಯ ಅಲ್ಲವಂತೆ. ಇದ್ರೆ ಒಳ್ಳೇದು."

ಬಾಗಿಲ ಹತ್ತಿರ ಕುಳಿತು ಕುಂಚ ತೊಳೆಯುತ್ತಿದ್ದ ಬಾಣದಕ್ಕನ ಗಂಡ ತಲೆಯೆತ್ತದೆ ಹೇಳಿದ, "ನಮ್ಮ ಮದುವೆ ಆದ ಕಟ್ಟಡದ ಬಗ್ಗೆ ಬರಿಯಮ್ಮಾ. ಒಳಗೆ ಹೋದ ನಾನು ಇನ್ನೂ ಹೊರಗೆ ಬಂದಿಲ್ಲ."

ಹದಿನಾಲ್ಕು ಮಕ್ಕಳೂ ಕಿಸಕ್ಕನೆ ನಕ್ಕವು. ಬಾಣದಕ್ಕ ಗಂಡನ ಬೆನ್ನಿಗೊಂದು ಬಾಣ ಅಂಟಿಸಿ ಬಂದು ಕುಳಿತಳು.

ಇನ್ನೊಂದು ನೋಟುಬುಕ್ಕು ಅಂತರರಾಷ್ಟ್ರೀಯ ಕಾರ್ಮಿಕ ಹಕ್ಕುಗಳದ್ದು. ಪುಸ್ತಕದಲ್ಲಿ ಐದು ಕೊಟ್ಟಿದ್ದರು: ಸಂಘ ಕಟ್ಟಿಕೊಳ್ಳುವ ಹಕ್ಕು, ಬಲವಂತದ ದುಡಿಮೆ ಕೂಡದು, ಮಕ್ಕಳ ದುಡಿಮೆ ಕೂಡದು, ಭೇದಭಾವ ಕೂಡದು, ಕೆಲಸದ ಜಾಗ ಜೀವಕ್ಕೆ ಅಪಾಯವಾಗಕೂಡದು. ಮನೆಯಲ್ಲಿ ದುಡಿಯುವವರೊಬ್ಬರನ್ನು ಪ್ರಶ್ನೆ ಕೇಳಿ ಬರೆದುಕೊಂಡು ಬರಬೇಕು.

"ಎರಡಕ್ಕೂ ಒಂದೇ ದಾರಿ ಕಣೇ," ಎಂದಳು ಬಾಣದಕ್ಕ. "ಕಂಡಿದ್ದನ್ನ ಬರಿ. ಕಾಣದೇ ಇದ್ದಿದ್ದನ್ನ ಕಂಡೋರ ಹತ್ರ ಕೇಳಿ ಬರಿ. ಕಾಪಿ ಹೊಡೆದ್ರೆ ನನಗೆ ಮೊದಲ ಸಾಲಲ್ಲೇ ಗೊತ್ತಾಗುತ್ತೆ."

ಮರುದಿನ ಕಾಲರಮ್ಮ ಬಂದವಳು ಮಗಳನ್ನು ಕರೆಯದೆ ಒಳಗೇ ಬಂದು ಚಾಪೆಯ ಮೇಲೆ ಕುಳಿತಳು. ಸೆರಗಿನ ಗಂಟಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದಳು.

"ಅಕ್ಕಾ, ಶುಕ್ರವಾರ ಹೊರದೇಶದವರು ನೋಡೋಕೆ ಬರ್ತಾರಂತೆ. ನಮ್ಮ ಹೊಲಿಗೆ ಲೈನಲ್ಲಿ ಐದು ಜನರನ್ನ ಆರಿಸಿದ್ದಾರೆ, ನಾನೂ ಒಬ್ಬಳು. ಇದು ಬಾಯಿಪಾಠ ಆಗ್ಬೇಕು. ನನಗೆ ಓದೋದು ಕುಂಟ್ಕೊಂಡು ಕುಂಟ್ಕೊಂಡು. ಮಗಳ ಹತ್ರ ಓದಿಸ್ಕೊಳ್ಳೋಕೆ ನಾಚಿಕೆ."

ಕಾಗದ ಬಿಚ್ಚಿ ನೋಡುವ ಅಗತ್ಯವೇ ಬಾಣದಕ್ಕನಿಗೆ ಇರಲಿಲ್ಲ. ಅಕ್ಷರ ಹೊಸ ಯಂತ್ರದ್ದು, ಮಾತು ಅದೇ. ಹನ್ನೆರಡು ಪ್ರಶ್ನೆ, ಹನ್ನೆರಡು ಉತ್ತರ. ಬಟ್ಟೆ ಕೊಳ್ಳುವ ಕಂಪನಿಗಳ ಕಡೆಯವರು ವರ್ಷಕ್ಕೆ ಎರಡು ಸಲ ಬರುತ್ತಿದ್ದರು. ಅವರು ಬರುವ ಮುಂಚೆ ಇದನ್ನು ಲೈನಿನವರ ಬಾಯಲ್ಲಿ ಕೂರಿಸುತ್ತಿದ್ದವಳು ಅವಳೇ. ಓದಲು ಬರುತ್ತದೆ, ಹೇಳಿಕೊಡಲು ಬರುತ್ತದೆ ಅಂತ ಸೂಪರ್‌ವೈಸರ್ ಅವಳನ್ನು ಆರಿಸಿದ್ದ. ಅವಳೊಂದು ಉಪಾಯವನ್ನೂ ಕಂಡುಹಿಡಿದಿದ್ದಳು. ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು, ಗೆಣ್ಣಿಗೊಂದು ಉತ್ತರ. ಹೆಬ್ಬೆರಳು ಸರಿಸುತ್ತಾ ಹೋದರೆ ಒಂದೂ ತಪ್ಪುವುದಿಲ್ಲ.

"ಕೈ ಕೊಡು," ಅಂದಳು, ಹಳೆಯ ಅಭ್ಯಾಸದಂತೆ. "ಕಿರುಬೆರಳು ಮೊದಲು. ಒಂದು, ಎಂಟು ಗಂಟೆ ಕೆಲಸ. ಎರಡು, ಕುಡಿಯೋ ನೀರಿದೆ. ಮೂರು, ಯಾರೂ ಬೈಯಲ್ಲ."

"ಯಾರೂ ಬೈಯಲ್ಲ," ಎಂದು ಕಾಲರಮ್ಮ ನಕ್ಕಳು. "ಇವತ್ತು ಬೆಳಗ್ಗೆಯಿಂದ ನನಗೆ ಸಿಕ್ಕಿದ್ದು ಹಾಗಾದ್ರೆ ಮಂಗಳಾರತಿ ಅಲ್ಲ."

ಅರ್ಧ ಗಂಟೆಯಲ್ಲಿ ಹನ್ನೆರಡೂ ಬಂದವು. ಪರೀಕ್ಷೆ ಮಾಡೋಣವೆಂದು ಬಾಣದಕ್ಕ ಸಾಲು ತಪ್ಪಿಸಿ ಕೇಳಿದಳು.

"ನಿಮಗೆ ದಿನಕ್ಕೆಷ್ಟು ಗಂಟೆ ಕೆಲಸ ಅಮ್ಮಾ?"

"ಹೌದು ಸಾರ್, ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಇದೆ ಸಾರ್."

ಅದು ಶೌಚಾಲಯದ ಉತ್ತರ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಮತ್ತೊಮ್ಮೆ ಮಾಡಿದರು. ನಡುಬೆರಳಿನ ಕೊನೆಯ ಗೆಣ್ಣು: ಹಿಂಬಾಗಿಲು ಕೆಲಸದ ಹೊತ್ತಿನಲ್ಲಿ ತೆರೆದಿರುತ್ತದೆಯೇ? ಹೌದು, ಯಾವಾಗಲೂ ತೆರೆದಿರುತ್ತದೆ. ಬಾಣದಕ್ಕನ ನಾಲಿಗೆ ಅದನ್ನೂ ಹೇಳಿಕೊಟ್ಟುಬಿಟ್ಟಿತು. ಕಾಲರಮ್ಮ ಹೋದ ಮೇಲೆ, ಲೋಟ ತೊಳೆಯುವಾಗ, ಅವಳಿಗೆ ಯಾಕೋ ಬೆರಳು ಚುಚ್ಚಿದಂತಾಯಿತು.

ಬುಧವಾರ ಯಾಕಮ್ಮ ಎರಡೂ ನೋಟುಬುಕ್ಕು ತುಂಬಿಸಿಕೊಂಡು ಬಂದಳು.

ಬಾಣದಕ್ಕ ಮೊದಲು ಸಮಾಜದ್ದನ್ನು ಓದಿದಳು. ನಮ್ಮ ತಾಯಿ ಕೆಲಸ ಮಾಡುವ ಕಡೆ ದಿನಕ್ಕೆ ಎಂಟು ಗಂಟೆ ಕೆಲಸ. ಕುಡಿಯುವ ನೀರಿದೆ. ಯಾರೂ ಬೈಯುವುದಿಲ್ಲ. ಹೀಗೇ ಹನ್ನೆರಡು ಸಾಲು. ಒಂಬತ್ತನೆಯ ಸಾಲು: ಹಿಂಬಾಗಿಲು ಯಾವಾಗಲೂ ತೆರೆದಿರುತ್ತದೆ.

"ಇದು ಅಮ್ಮ ಹೇಳಿದ್ದಾ?"

"ಹ್ಞೂಂ. ಹೆಬ್ಬೆರಳು ಓಡಿಸ್ತಾ ಓಡಿಸ್ತಾ ಹೇಳಿದ್ರು. ಯಾಕೆ ಅಂತ ಕೇಳಿದ್ದಕ್ಕೆ ಸುಮ್ನೆ ಬರ್ಕೋ ಅಂದ್ರು."

ಆಮೇಲೆ ಸಾಹಿತ್ಯದ್ದು. ಹುಡುಗಿ ಎರಡು ಪುಟ ಬರೆದಿದ್ದಳು.

"ಆ ಕಟ್ಟಡಕ್ಕೆ ಕಿಟಕಿಗಳಿವೆ, ಆದರೆ ಅವು ತಲೆಗಿಂತ ಮೇಲೆ. ಒಳಗೆ ನಾನೂರು ಯಂತ್ರಗಳು ಒಟ್ಟಿಗೆ ಹಲ್ಲು ಕಡಿಯುತ್ತವೆ. ಇಸ್ತ್ರಿ ಮನೆಯಲ್ಲಿ ಉಗಿ ಏಳುತ್ತದೆ. ಉಗಿಯೊಳಗೆ ಹೆಂಗಸರ ಮುಖಗಳು ಕಾಣುತ್ತವೆ, ಮಾಯವಾಗುತ್ತವೆ. ಹಿಂದೆ ಒಂದು ಬಾಗಿಲಿದೆ. ಅದರ ಮೇಲೆ ಹಸಿರು ಅಕ್ಷರದಲ್ಲಿ ಹೊರಗೆ ಹೋಗುವ ದಾರಿ ಎಂದು ಬರೆದಿದೆ. ಕೆಳಗೆ ಸರಪಳಿ ಹಾಕಿದೆ. ಬಟ್ಟೆ ಕದ್ದೊಯ್ಯುತ್ತಾರೆಂದು ಸರಪಳಿ. ಒಂದು ಮಧ್ಯಾಹ್ನ ಹೊಗೆ ಬಂತು. ಇಸ್ತ್ರಿ ಮಾಡುವ ಒಬ್ಬ ಹೆಂಗಸು ಹಸಿರು ಅಕ್ಷರವನ್ನು ನಂಬಿ ಹಿಂದಕ್ಕೆ ಓಡಿದಳು. ಬಾಗಿಲನ್ನು ಗುದ್ದಿದಳು. ಆಮೇಲೆ ಅದೇ ಹೊಗೆಯಲ್ಲಿ ತಿರುಗಿ ಮುಂದಕ್ಕೆ ಬಂದಳು. ಏಳು ತಿಂಗಳು ಕೆಮ್ಮಿ ಸತ್ತಳು. ಈಗಲೂ ಯಂತ್ರಗಳು ನಿಂತ ಕೂಡಲೇ ಯಾರೋ ಗುದ್ದುವ ಸದ್ದು ಕೇಳುತ್ತದೆ ಎಂದು ಕಾಲರ್ ಹೊಲಿಯುವವರು ಹೇಳುತ್ತಾರೆ."

"ಚೆನ್ನಾಗಿದೆಯಾ ಅಕ್ಕಾ? ಕೊನೇದು ಮಾತ್ರ ನಾನು ಸೇರಿಸಿದ್ದು. ಮಿಕ್ಕಿದ್ದೆಲ್ಲ ಅಮ್ಮ ಊಟಕ್ಕೆ ಕೂತಾಗ ಹೇಳಿರೋದೇ."

ಬಾಣದಕ್ಕ ಎರಡೂ ನೋಟುಬುಕ್ಕನ್ನು ಪಕ್ಕಪಕ್ಕ ಇಟ್ಟಳು, ಮಾದರಿ ಶರಟಿನ ಪಕ್ಕ ಹೊಲಿದ ಶರಟನ್ನು ಇಟ್ಟ ಹಾಗೆ. ಕಟ್ಟುಕಥೆ ಅಂತ ಕೊಟ್ಟ ನೋಟುಬುಕ್ಕಿನಲ್ಲಿ ನಿಜವೆಲ್ಲ ಇತ್ತು. ನಿಜ ಬರೆಯಲು ಕೊಟ್ಟದ್ದರಲ್ಲಿ ಒಂದು ಸಾಲೂ ಪೂರ್ತಿ ನಿಜವಿರಲಿಲ್ಲ, ಮತ್ತು ಆ ಸಾಲುಗಳನ್ನು ಗೆಣ್ಣುಗಳ ಮೇಲೆ ಕೂರಿಸಿದವಳು ಅವಳು.

ಆ ಇಸ್ತ್ರಿಯವಳು ಯಾರೋ ಒಬ್ಬಳಲ್ಲ. ಹನ್ನೊಂದು ವರ್ಷ ಬಾಣದಕ್ಕನ ಜೊತೆ ಒಂದೇ ಬುತ್ತಿಯಲ್ಲಿ ಉಂಡವಳು. ದೊಡ್ಡ ದನಿ, ಸಣ್ಣ ದೇಹ. "ನೀನು ಬಾಣ ಅಂಟಿಸಿದ ಶರಟಿಗೆಲ್ಲ ನಾನು ಇಸ್ತ್ರಿ ಹಾಕಿದ್ರೆ ನಿನ್ನ ಬಾಣಾನೂ ಗರಿಗರಿ ಆಗುತ್ತೆ ನೋಡು" ಎಂದು ಕಾಡಿಸುತ್ತಿದ್ದಳು. ಹೊಗೆ ಬಂದ ದಿನ ಸತ್ತವರಿಲ್ಲ. ಗೋದಾಮಿನ ಚಿಂದಿಗೆ ಹತ್ತಿದ ಕಿಡಿ ಅರ್ಧ ಗಂಟೆಯಲ್ಲಿ ಆರಿತು. ಹಾಗಾಗಿ ಅದು ಸುದ್ದಿಯೂ ಆಗಲಿಲ್ಲ. ಏಳು ತಿಂಗಳ ನಂತರ ಅವಳು ಹೋದಾಗ, ಅವಳ ಪುಪ್ಪುಸ ಮೊದಲೇ ಕೆಟ್ಟಿತ್ತು ಅಂದರು. ಇದೆಲ್ಲವನ್ನೂ ಬಾಣದಕ್ಕ ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದೆ ಗಂಟಲಲ್ಲೇ ಉಳಿದದ್ದು ಇನ್ನೊಂದಿತ್ತು. ಹೊಗೆ ಬಂದ ಹದಿನೈದನೇ ದಿನಕ್ಕೆ ನೋಡುವವರು ಬಂದಿದ್ದರು. ಗೆಳತಿ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಗ ಅವಳು ಇಲ್ಲಿ ನಲವತ್ತು ಹೆಂಗಸರ ಕೈ ಹಿಡಿದು ನಡುಬೆರಳಿನ ಕೊನೆಯ ಗೆಣ್ಣು ತೋರಿಸಿದ್ದಳು. ಯಾವಾಗಲೂ ತೆರೆದಿರುತ್ತದೆ.

ಏಳು ಗಂಟೆಗೆ ಕಾಲರಮ್ಮ ಬಂದಳು. ಬಾಣದಕ್ಕ ಅವಳನ್ನು ಅಡುಗೆಮನೆಗೆ ಕರೆದು ನೀರು ಕೊಟ್ಟಳು.

"ಒಂಬತ್ತನೇದನ್ನ ಮರೆತುಬಿಡು."

"ಯಾವ ಒಂಬತ್ತು?"

"ಬಾಗಿಲಿಂದು. ಕೇಳಿದ್ರೆ ಗೊತ್ತಿಲ್ಲ ಅನ್ನು."

ಕಾಲರಮ್ಮ ಲೋಟವನ್ನು ಕೆಳಗಿಟ್ಟಳು. "ಅಕ್ಕಾ, ನೀವೇ ಹೇಳ್ಕೊಟ್ರಿ, ನೀವೇ ಬೇಡ ಅಂತೀರಿ. ನಾನೇನು ನಿಮ್ಮ ಬೋರ್ಡಾ, ಬರೆದು ಅಳಿಸೋಕೆ? ಐದು ಜನದಲ್ಲಿ ನಾನೊಬ್ಬಳು ತೊದಲಿದ್ರೆ ಸಂಜೆಗೆ ನನ್ನ ಯಂತ್ರದ ಮುಂದೆ ಬೇರೆಯವಳು ಕೂತಿರ್ತಾಳೆ. ಆಮೇಲೆ ನನ್ನ ಮಗಳಿಗೆ ನೀವು ಗಾಥಿಕ್ ಹೇಳಿಕೊಡ್ತೀರಾ, ಊಟ ಹಾಕ್ತೀರಾ?"

"ಬೆಂಕಿ ಬಿದ್ರೆ?"

"ಬೀಳದೇ ಇದ್ದ ಬೆಂಕಿಗೆ ಇವತ್ತಿನ ಒಲೆ ಆರಿಸ್ಲಾ?" ಕಾಲರಮ್ಮನ ದನಿ ಒಡೆಯಿತು. "ಇಸ್ತ್ರಿ ಅಕ್ಕ ಸತ್ತಾಗ ನೀವೂ ಅಲ್ಲೇ ಇದ್ರಲ್ಲ. ಆಗ ನೀವೇನಂದ್ರಿ? ಈಗ ಕೆಲಸ ಬಿಟ್ಟಿದ್ದೀರಿ, ಬಾಯಿ ಬಂತು."

ಕಾಲರಮ್ಮ ಸಿಟ್ಟಿನಲ್ಲಿ ಆಡಿದ ಕೊನೆಯ ಮಾತನ್ನು ಬಾಣದಕ್ಕನ ಮನಸ್ಸು ಹೊಲಿಗೆಯ ಹಾಗೆ ತಿರುಗಿಸಿ ತಿರುಗಿಸಿ ನೋಡಿತು. ಕೆಲಸ ಬಿಟ್ಟವಳು. ಹೌದು. ಕಿತ್ತುಕೊಳ್ಳಲು ಅವಳ ಹತ್ತಿರ ಯಂತ್ರವಿಲ್ಲ.

ಅವಳು ಹೊರಗೆ ಬಂದು ಯಾಕಮ್ಮನನ್ನು ಕೂರಿಸಿದಳು. "ಇನ್ನೊಂದು ಹತ್ತು ನಿಮಿಷ ಇರಿ. ಪುಟ್ಟಾ, ಆ ಸಮಾಜದ ಹಾಳೆ ಹರಿದು ಹಾಕು. ಹೊಸ ಹಾಳೆ ತೆಗಿ. ಆ ಹನ್ನೆರಡನ್ನೂ ಅದೇ ಸಾಲಲ್ಲಿ ನನ್ನನ್ನ ಕೇಳು."

"ಮನೆಯಲ್ಲಿ ದುಡಿಯೋರನ್ನ ಅಂತಿದೆ."

"ನಿನ್ನ ಮನೇಲಿ ಇರೋದಕ್ಕಿಂತ ಹೆಚ್ಚು ಹೊತ್ತು ಇಲ್ಲೇ ಇರ್ತೀಯ. ಕೇಳು. ಮೇಲೆ ನನ್ನ ಹೆಸರು ಬರಿ, ನಿಜವಾದ ಹೆಸರು."

ಹುಡುಗಿ ಪೆನ್ಸಿಲ್ ಕಚ್ಚಿ ಶುರು ಮಾಡಿದಳು. ಎಷ್ಟು ಗಂಟೆ ಕೆಲಸ? ಹತ್ತು, ಸರಕು ಕಳಿಸುವ ವಾರ ಹನ್ನೆರಡು. ಕುಡಿಯುವ ನೀರು? ಇತ್ತು, ಕುಡಿಯಲು ಏಳಲು ಬಿಡುತ್ತಿರಲಿಲ್ಲ. ಬೈಯುತ್ತಿದ್ದರೇ? ಬಾಣದಕ್ಕನ ಗಂಡ ಬೋರ್ಡಿನ ಕೆಲಸ ನಿಲ್ಲಿಸಿ ಕೇಳುತ್ತಿದ್ದ. ಕಾಲರಮ್ಮ ಬಾಗಿಲ ಚೌಕಟ್ಟಿಗೆ ಒರಗಿ, ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

"ಒಂಬತ್ತು. ಹಿಂಬಾಗಿಲು ತೆರೆದಿರ್ತಿತ್ತಾ?"

"ಇಲ್ಲ."

ಒಂದೇ ಮಾತು. ಆ ಮಾತು ಅವಳ ಬಾಯಿಂದ ಹೊರಬರಲು ಎಷ್ಟು ವರ್ಷ ತೆಗೆದುಕೊಂಡಿತ್ತೆಂದರೆ, ಹೇಳಿದ ಮೇಲೆ ತಾನು ನಿಜವಾಗಿಯೂ ಹೇಳಿದೆನೇ ಎಂದು ಅವಳಿಗೇ ಅನುಮಾನ. ಹುಡುಗಿ ಬರೆದುಕೊಂಡಳು.

"ಯಾಕೆ?"

"ಬೀಗ ಹಾಕಿದ್ರು. ತೆರೆದಿರುತ್ತೆ ಅಂತ ನಾನು ಎಲ್ಲರಿಗೂ ಬಾಯಿಪಾಠ ಮಾಡಿಸಿದೆ. ಅದನ್ನೂ ಬರಿ."

ಯಾಕಮ್ಮ ಬರೆಯಲಿಲ್ಲ. ತಾಯಿಯ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು. ಅವಳಿಗೆ ಎರಡು ನೋಟುಬುಕ್ಕಿನ ಸಂಬಂಧ ಆಗ ತಿಳಿದಿರಬೇಕು. ಆ ಸಂಜೆ ಅವಳು ಮತ್ತೆ ಯಾಕೆ ಅನ್ನಲಿಲ್ಲ.

ಅವರು ಹೋದ ಮೇಲೆ ಗಂಡ ಕುಂಚವನ್ನು ಬಟ್ಟೆಗೆ ಒರೆಸುತ್ತಾ ಹೇಳಿದ, "ಆ ಹಸಿರು ಅಕ್ಷರ ಬರೆದವನು ನಾನು. ಹೊರಗೆ ಹೋಗುವ ದಾರಿ. ಒಂದಡಿ ಎತ್ತರದ ಅಕ್ಷರ."

"ಗೊತ್ತು."

"ಬರೆಯೋವಾಗ ಸರಪಳಿ ಅಲ್ಲೇ ನೇತಾಡ್ತಿತ್ತು. ಬಣ್ಣ ತಾಗುತ್ತೆ ಅಂತ ಅದನ್ನ ಸ್ವಲ್ಪ ಪಕ್ಕಕ್ಕೆ ಸರಿಸಿ ಬರೆದೆ." ಕುಂಚವನ್ನು ಡಬ್ಬಿಯೊಳಗೆ ನಿಲ್ಲಿಸಿದ. "ಏನು ಮಾಡ್ಬೇಕು ಅಂತಿದ್ದೀಯೋ ಮಾಡು. ಮಕ್ಕಳು ಬರೋದು ನಿಂತ್ರೆ ನಾನು ಇನ್ನೆರಡು ಬೋರ್ಡು ಹೆಚ್ಚು ಬರೀತೀನಿ."

ಗುರುವಾರ ಬೆಳಗ್ಗೆ ಹತ್ತಕ್ಕೆ ಅವಳು ಕಾರ್ಖಾನೆಯ ಗೇಟಿಗೆ ಹೋದಳು. ಗೇಟಿನ ಪಕ್ಕ ಗಾಜಿನ ಚೌಕಟ್ಟಿನಲ್ಲಿ ಬಟ್ಟೆ ಕೊಳ್ಳುವ ಕಂಪನಿಯ ನಿಯಮಗಳಿದ್ದವು. ಕೆಳಗೆ, ದೂರಿದ್ದರೆ ಕರೆ ಮಾಡಿ ಎಂದು ಒಂದು ನಂಬರು. ಹದಿನೆಂಟು ವರ್ಷದಲ್ಲಿ ಆ ಗಾಜಿನಲ್ಲಿ ಅವಳು ನೋಡಿಕೊಂಡದ್ದು ತನ್ನ ತಲೆಗೂದಲನ್ನು ಮಾತ್ರ.

"ಏನಕ್ಕಾ, ಮತ್ತೆ ಸೇರ್ಕೋತೀರಾ?" ಅಂದ ಕಾವಲಿನವನು.

"ಕಣ್ಣು ಪರೀಕ್ಷೆ ಮಾಡ್ಕೋತಿದ್ದೀನಿ. ಇಲ್ಲಿಂದ ಆ ಸಣ್ಣ ಅಕ್ಷರ ಕಾಣುತ್ತಾ ಅಂತ."

"ಕಾಣುತ್ತಾ?"

"ಈಗ ಕಾಣ್ತಿದೆ."

ನಂಬರನ್ನು ಅಂಗೈಯಲ್ಲಿ ಬರೆದುಕೊಂಡು ಮನೆಗೆ ಬಂದು ಫೋನು ಹಚ್ಚಿದಳು. ಮೂರನೆಯ ಸಲಕ್ಕೆ ಒಬ್ಬಳು ಹುಡುಗಿ ಎತ್ತಿದಳು, ನಮ್ಮದೇ ಮಾತಿನವಳು. ಬಾಣದಕ್ಕ ಹೆಸರು ಹೇಳಿದಳು. ಗುಟ್ಟಾಗಿಡಬೇಕೇ ಎಂದು ಕೇಳಿದಾಗ ಬೇಡವೆಂದಳು.

"ನೀವು ಈಗ ಅಲ್ಲಿ ಕೆಲಸ ಮಾಡ್ತಿದ್ದೀರಾ ಅಮ್ಮಾ?"

"ಇಲ್ಲ. ನಿಮ್ಮೋರು ಬಂದಾಗ ಹೇಳೋ ಉತ್ತರಗಳನ್ನ ಹನ್ನೊಂದು ವರ್ಷ ಬಾಯಿಪಾಠ ಮಾಡಿಸಿದವಳು ನಾನು. ನಾಳೆ ಬಂದಾಗ ಯಾರನ್ನೂ ಏನೂ ಕೇಳ್ಬೇಡಿ. ಪಾಪ, ಅವರು ಹೇಳೋಕಾಗಲ್ಲ. ನೇರ ಹಿಂಬಾಗಿಲಿಗೆ ಹೋಗಿ, ಕೈಯಲ್ಲಿ ತಳ್ಳಿ ನೋಡಿ. ಅಷ್ಟೇ ನಾನು ಹೇಳೋದು."

ಶುಕ್ರವಾರ ಏನಾಯಿತೆಂದು ಅವಳಿಗೆ ತಿಳಿದದ್ದು ಶನಿವಾರ, ಸೂಪರ್‌ವೈಸರ್ ಮನೆ ಬಾಗಿಲಿಗೆ ಬಂದಾಗ. ಕಾರ್ಖಾನೆ ನೋಡಲು ಬಂದವರು ಇಬ್ಬರು. ಆರಿಸಿಟ್ಟಿದ್ದ ಐದು ಜನರನ್ನು ಮಾತಾಡಿಸಲೇ ಇಲ್ಲ. ಲೈನುಗಳ ನಡುವೆ ಸೀದಾ ನಡೆದು ಹಸಿರು ಅಕ್ಷರದ ಕೆಳಗೆ ನಿಂತರು. ತಳ್ಳಿದರು. ಕೀಲಿ ಕೇಳಿದರು. ಕೀಲಿ ಕಾವಲಿನವನ ಹತ್ತಿರ ಇರಲಿಲ್ಲ, ಗೋದಾಮಿನವನ ಹತ್ತಿರ ಇರಲಿಲ್ಲ, ಆಫೀಸಿನ ಗೂಟದಲ್ಲಿ ಇರಲಿಲ್ಲ. ಬಂದ ಹೆಂಗಸು ಗಡಿಯಾರ ನೋಡುತ್ತಾ ನಿಂತಳು. ಹತ್ತೊಂಬತ್ತು ನಿಮಿಷ. ನಾನೂರು ಯಂತ್ರಗಳೂ ಒಂದೊಂದಾಗಿ ನಿಂತುಹೋದವು. ಕೊನೆಗೆ ಸರಪಳಿಯನ್ನು ಕತ್ತರಿಸಿದರು.

"ನಿಮ್ಮನ್ನ ನಮ್ಮೋರು ಅಂದ್ಕೊಂಡಿದ್ದೆ," ಎಂದ ಸೂಪರ್‌ವೈಸರ್. ಅವನೂ ಒಳ್ಳೆಯವನೇ, ಅವಳ ಮದುವೆಯಾದ ವರ್ಷ ಸೇರಿದವನು. ಕಣ್ಣು ಕೆಂಪಾಗಿತ್ತು. "ಆರ್ಡರ್ ತಡೆ ಹಿಡಿದಿದ್ದಾರೆ. ನಾನೂರು ಮನೆ, ಅಕ್ಕಾ."

"ನಾನೂರು ಜೀವ," ಎಂದಳು ಬಾಣದಕ್ಕ. "ಲೈನಿನೋರನ್ನ ಯಾರನ್ನೂ ಅನುಮಾನಿಸ್ಬೇಡಿ. ನಾನೇ ಫೋನ್ ಮಾಡಿದ್ದು, ಹೆಸರು ಹೇಳಿಯೇ ಮಾಡಿದ್ದು. ಯಾರಾದ್ರೂ ಕೇಳಿದ್ರೆ ಹಂಗೇ ಹೇಳಿ."

ಅವನು ಕೇಳಿದವರಿಗೆಲ್ಲ ಹಾಗೇ ಹೇಳಿದ. ಸೋಮವಾರ ಒಂಬತ್ತು ಮಕ್ಕಳು ಬಂದವು. ಮುಂದಿನ ವಾರ ನಾಲ್ಕು. ಅಂಗಡಿಯಲ್ಲಿ ಹೆಂಗಸರು ಅವಳಿಗೆ ದಾರಿ ಬಿಡುತ್ತಿದ್ದರು, ಗೌರವಕ್ಕಲ್ಲ. ಒಬ್ಬಳು ಕೇಳುವಂತೆಯೇ ಹೇಳಿದಳು, "ತಮ್ಮ ಕೆಲಸ ಮುಗಿದ ಮೇಲೆ ಊರವರ ಅನ್ನಕ್ಕೆ ಬಾಣ ಅಂಟಿಸೋಕೆ ಹೊರಟಿದ್ದಾರೆ." ಬಾಣದಕ್ಕ ಸೋಪು ತೆಗೆದುಕೊಂಡು ಮನೆಗೆ ಬಂದು, ಬಟ್ಟೆ ನೆನೆಸಿ, ಬಚ್ಚಲಲ್ಲಿ ಕುಳಿತು ಅತ್ತಳು. ಆಮೇಲೆ ಬಟ್ಟೆ ಒಗೆದಳು. ಯಾಕಮ್ಮ ಬರಲೇ ಇಲ್ಲ. ನಾಲ್ಕೇ ಮಕ್ಕಳಿದ್ದರೂ ಬೆಂಚಿನ ಆ ತುದಿಯಲ್ಲಿ ಯಾರನ್ನೂ ಕೂರಿಸಲು ಅವಳಿಗೆ ಮನಸ್ಸಾಗಲಿಲ್ಲ. ತಾನು ಮಾಡಿದ್ದು ಸರಿ ಎಂದು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದಳು. ಹನ್ನೊಂದನೆಯ ಸಲ ಕಾಲರಮ್ಮನ ಒಲೆ ನೆನಪಾಗುತ್ತಿತ್ತು.

ಐದು ವಾರ ಕಳೆಯಿತು. ಆರ್ಡರ್ ಮರಳಿ ಬಂತು, ಶರತ್ತುಗಳೊಂದಿಗೆ. ಒಂದು ಭಾನುವಾರ ಮಧ್ಯಾಹ್ನ ಕಾಲರಮ್ಮ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಯಾಕಮ್ಮ. ಇಬ್ಬರಲ್ಲಿ ಯಾರೂ ಕ್ಷಮೆಯ ಮಾತು ಆಡಲಿಲ್ಲ. ಬಾಣದಕ್ಕ ಟೀಗೆ ನೀರಿಟ್ಟಳು.

"ನಿನ್ನೆ ಬೆಂಕಿ ಬಿದ್ರೆ ಓಡೋ ಅಭ್ಯಾಸ ಮಾಡಿಸಿದ್ರು," ಎಂದಳು ಕಾಲರಮ್ಮ ಅಡುಗೆಮನೆಯ ನೆಲದ ಮೇಲೆ ಕುಳಿತು. "ಗಂಟೆ ಹೊಡೆದ ಕೂಡ್ಲೇ ಎಲ್ಲರೂ ಎದ್ದು ಹಿಂಬಾಗಿಲಿಂದ ಹೊರಗೆ ಹೋಗ್ಬೇಕು. ಮೊದಲ ಸಲ ಯಾರೂ ಏಳಲೇ ಇಲ್ಲ. ಗಂಟೆ ಹೊಡೆದ್ರೆ ಎದ್ದೇಳೋದಾ? ನಮಗೆ ಅಭ್ಯಾಸವೇ ಇಲ್ಲ. ಎರಡನೇ ಸಲ ನಾಲ್ಕು ನಿಮಿಷ. ಅದಕ್ಕೆ ಹೋದ ಅರ್ಧ ಗಂಟೆ ಕೆಲಸಾನ ನಾಳೆ ಹೆಚ್ಚಿಗೆ ಮಾಡ್ಬೇಕಂತೆ, ಅದು ಬೇರೆ."

"ಹೆಚ್ಚಿಗೆ ಅಂದ್ರಾ?"

"ಅನ್ನದೇ ಇರ್ತಾರಾ?" ಕಾಲರಮ್ಮ ಸ್ವಲ್ಪ ನಕ್ಕಳು. ಆಮೇಲೆ ತಗ್ಗಿದ ದನಿಯಲ್ಲಿ, "ಅಕ್ಕಾ, ಆ ಬಾಗಿಲಿನಾಚೆ ಏನಿದೆ ಗೊತ್ತಾ?"

ಬಾಣದಕ್ಕನಿಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷ ಆ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು, ಒಂದು ದಿನವೂ ಅದರ ಹೊರಮೈ ನೋಡಿರಲಿಲ್ಲ.

"ಏನಿದೆ?"

"ಏನೂ ಇಲ್ಲ. ಮೂರು ಮೆಟ್ಟಿಲು. ಒಂದು ಚರಂಡಿ, ಅದರ ಮೇಲೆ ಎರಡು ಚಪ್ಪಡಿ ಕಲ್ಲು. ಆಮೇಲೆ ಬಯಲು. ಒಣ ಹುಲ್ಲು. ನಾವೆಲ್ಲ ಬಿಸಿಲಲ್ಲಿ ನಿಂತ್ಕೊಂಡು, ಕಣ್ಣು ಕಿರಿದು ಮಾಡ್ಕೊಂಡು, ಒಬ್ಬರ ಮುಖ ಒಬ್ರು ನೋಡಿದ್ದೇ ನೋಡಿದ್ದು. ಇಷ್ಟೇನಾ ಅಂತ."

ಟೀ ಉಕ್ಕಿ ಬಂತು. ಬಾಣದಕ್ಕ ಉರಿ ತಗ್ಗಿಸಿದಳು. ಟೀ ಸೋಸುತ್ತಾ ಕೇಳಿದಳು:

"ಚಪ್ಪಡಿ ಅಲ್ಲಾಡುತ್ತಾ?"

"ಆಂ?"

"ಚರಂಡಿ ಮೇಲಿಂದು. ಕಾಲಿಟ್ರೆ ಅಲ್ಲಾಡುತ್ತಾ?"

ಕಾಲರಮ್ಮ ಯೋಚಿಸಿದಳು. "ಒಂದು ಅಲ್ಲಾಡುತ್ತೆ. ಎಡಗಡೇದು."

"ಓಡೋವಾಗ ಕಾಲು ಸಿಕ್ಕಿಕೊಳ್ಳುತ್ತೆ. ಒಬ್ಬಳು ಬಿದ್ರೆ ಹಿಂದಿರೋರೆಲ್ಲ ಬೀಳ್ತಾರೆ. ನಾಳೆ ಹೇಳು."

"ನಾನೇನಾ?"

"ಕಾಲಿಟ್ಟಿದ್ದು ನೀನು. ನಾನು ನೋಡೇ ಇಲ್ವಲ್ಲ."

ಕಾಲರಮ್ಮ ಮಗಳ ಕಡೆ ನೋಡಿದಳು. ಯಾಕಮ್ಮ ಮುಂದಿನ ಕೋಣೆಯಲ್ಲಿ ಬೆಂಚಿನ ತುದಿಗೆ ಆಗಲೇ ಕುಳಿತು ಚೀಲ ಬಿಚ್ಚುತ್ತಿದ್ದಳು.

"ಹೇಳ್ತೀನಿ," ಎಂದಳು ಕಾಲರಮ್ಮ. "ಸಿಮೆಂಟ್ ಹಾಕ್ಸಿ ಅಂತ ಹೇಳ್ತೀನಿ."